ಕಲ್ಲಿನ ದಾರಿ ನಮ್ಮದು, ಕಾರ್ಪೆಟ್ ದೊಡ್ಡೋರದು

ಜೂಜಿಗೇ ಹೆಸರಾದ ಲಾಸ್ ವೇಗಾಸ್‌ಗೆ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಿದ್ದೇವೆ ಅಂದಾಗ ಇಲ್ಲಿನ ಗೆಳತಿಯೊಬ್ಬಳು ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಅಲ್ಲಿ ಮಕ್ಕಳಿಗೆ ಏನಿದೆ?" ಅಂದಳು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳೋಕೆ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಹೋಗೋಕೆ ಕಾರಣ ಸರಳವಾಗಿತ್ತು. ಮದ್ದೂರಿನ ಹತ್ತಿರದ ನಮ್ಮೂರಿನಿಂದ ಅವ್ವ ಬಂದಿದ್ದಳು. ಅಪ್ಪ-ಅಮ್ಮ ಅಮೆರಿಕಕ್ಕೆ ಬಂದರೆ ನಯಾಗರಾ ಇಲ್ಲವೇ ಗ್ರ್ಯಾಂಡ್ ಕ್ಯಾನ್ಯನ್ ತೋರಿಸದೆ ಕಳಿಸುವ ಹಾಗಿಲ್ಲ ಅಲ್ವಾ? ನಾವಿರೋದು ಲಾಸ್ ಏಂಜಲೀಸ್ ಕಡೆ. ಕಾರಿನಲ್ಲಿ ಗ್ರ್ಯಾಂಡ್ ಕ್ಯಾನ್ಯನ್ನಿಗೆ ಹೋಗುವ ನಮ್ಮವರು ಬಹಳ ಮಂದಿ ವೇಗಾಸ್‌ನಲ್ಲಿ ಇಳಿದುಕೊಳ್ಳುತ್ತಾರೆ. ಮಗಳಿಗೆ 7, ಮಗನಿಗೆ 4. ಡಿಸೆಂಬರ್ ರಜೆ. ಮೂರು ರಾತ್ರಿ ಅಲ್ಲೇ ಉಳಿಯೋದು ಅಂತಾಯಿತು.

ನನ್ನ ಹೆದರಿಕೆ ಎಲ್ಲಾ ತಾಯಂದಿರಿಗೂ ಇರುವಂಥದ್ದೇ. ಅರೆಬರೆ ಬಟ್ಟೆಯ ಪೋಸ್ಟರ್‌ಗಳು, ಕುಡಿದು ತೂರಾಡುವವರು, ರಸ್ತೆಯಲ್ಲಿ ಓಡಾಡುವ ಜಾಹೀರಾತು ಲಾರಿಗಳು. ಎಲ್ಲಿ ಮಕ್ಕಳ ಮುಖ ಆಚೆ ತಿರುಗಿಸಬೇಕು, ಏನಾದರೂ ಕೇಳಿದರೆ ಏನು ಹೇಳಬೇಕು ಅಂತ ವಾರದ ಮೊದಲೇ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡಿದ್ದೆ. ಅವ್ವನಿಗೂ ಮುಜುಗರ ಆಗುತ್ತೇನೋ ಅಂತ ಅಳುಕು. ಆ ಲೆಕ್ಕ ಯಾವುದೂ ಉಪಯೋಗಕ್ಕೆ ಬರಲಿಲ್ಲ. ನಾನು ಯೋಚನೆಯನ್ನೇ ಮಾಡದ ಇನ್ನೊಂದು ಎದುರಿಗೆ ಬಂದು ನಿಂತಿತು. ಅದನ್ನು ಬರೆಯಬೇಕು ಅಂತಲೇ ಕೂತಿದ್ದೇನೆ.

ಲಾಸ್ ಏಂಜಲೀಸ್‌ನಿಂದ ವೇಗಾಸ್ ಸುಮಾರು 430 ಕಿಲೋಮೀಟರ್. ದಾರಿಯುದ್ದಕ್ಕೂ ಮೊಹಾವೆ ಮರುಭೂಮಿ. ನಡುವೆ ಬೇಕರ್ ಅನ್ನೋ ಪುಟ್ಟ ಊರಿನಲ್ಲಿ 134 ಅಡಿ ಎತ್ತರದ ಥರ್ಮಾಮೀಟರ್ ನಿಲ್ಲಿಸಿದ್ದಾರೆ. ಪಕ್ಕದ ಡೆತ್ ವ್ಯಾಲಿಯಲ್ಲಿ 1913ರಲ್ಲಿ 134 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಗಿತ್ತು, ಅದರ ನೆನಪಿಗೆ. ಜ್ವರ ಬಂದಿರೋದು ಯಾರಿಗೆ ಅಂತ ಮಗ ಕೇಳಿದ. ಮರುಭೂಮಿಗೆ ಅಂತ ಅವನ ಅಕ್ಕ ಹೇಳಿದಳು. ಅಲ್ಲಿಗೆ ಆ ವಿಷಯ ಮುಗಿಯಿತು.

ವೇಗಾಸ್ ಇರುವ ನೆವಾಡ ರಾಜ್ಯದ ಗಡಿ ದಾಟಿದ ಮೇಲೆ ಪೆಟ್ರೋಲ್ ಹಾಕಿಸೋಕೆ ನಿಲ್ಲಿಸಿದೆವು. ಅಂಗಡಿಯೊಳಗೆ ಹಾಲಿನ ಫ್ರಿಜ್, ಚಿಪ್ಸ್ ಕಪಾಟು, ಅದರ ಪಕ್ಕದಲ್ಲೇ ಸಾಲಾಗಿ ಸ್ಲಾಟ್ ಮಷಿನ್‌ಗಳು, ದುಡ್ಡು ಹಾಕಿ ಗುಂಡಿ ಒತ್ತಿ ಜೂಜಾಡುವ ಯಂತ್ರಗಳು. ನೆವಾಡದಲ್ಲಿ ದಿನಸಿ ಅಂಗಡಿಗಳಲ್ಲೂ ಇವು ಇರುತ್ತವೆ, ಕಾನೂನು ಒಪ್ಪುತ್ತದೆ. ಅವ್ವ ಮಗನ ಕೈ ಹಿಡಿದುಕೊಂಡು ಟಾಯ್ಲೆಟ್ ಬಾಗಿಲ ಹತ್ತಿರ ಕಾಯುತ್ತಿದ್ದಳು. ನಾನು ತಿರುಗಿ ನೋಡುವಷ್ಟರಲ್ಲಿ ಅವನು ಕೈ ಬಿಡಿಸಿಕೊಂಡು ಒಂದು ಮಷಿನ್ ಮುಂದೆ ನಿಂತಿದ್ದ. ಪರದೆ ಮೇಲೆ ಚಿನ್ನದ ಎಮ್ಮೆ, ಚೆರ್ರಿ ಹಣ್ಣು, ನಗುವ ಡ್ರ್ಯಾಗನ್. ಕೆಳಗೆ ಒಂದು ದೊಡ್ಡ ಗುಂಡಿ, ಹಸಿರು ಬೆಳಕಿನಲ್ಲಿ ಹತ್ತಿ ಆರಿ ಹತ್ತಿ ಆರಿ ಮಿನುಗುತ್ತಿತ್ತು. ಕುರ್ಚಿಯಲ್ಲಿ ಕೂತ ದೊಡ್ಡವರ ಕೈಗೆ ಸಿಗಲಿ ಅಂತ ಇಟ್ಟ ಗುಂಡಿ ಅದು. ನಿಂತ ನಾಲ್ಕು ವರ್ಷದ ಮಗುವಿನ ಎದೆಮಟ್ಟಕ್ಕೆ ಸರಿಯಾಗಿ ಬರುತ್ತದೆ.

"ಅಜ್ಜಿ, ಒತ್ತಲಾ?" ಅಂದ.

ಅವನ ಆಟಿಕೆಗಳಲ್ಲಿ ಅಂಥ ಗುಂಡಿ ಹತ್ತಾರು ಇವೆ. ಒತ್ತಿದರೆ ಹಸು ಕೂಗುತ್ತದೆ, ರೈಲು ಓಡುತ್ತದೆ. ಪೋಸ್ಟರ್ ಕಂಡರೆ ಮುಖ ತಿರುಗಿಸಬಹುದು. ಮಗುವಿಗಾಗಿಯೇ ಮಾಡಿದ ಹಾಗಿರುವ ಈ ವಸ್ತುವಿನಿಂದ ಹೇಗೆ ತಿರುಗಿಸೋದು ಅಂತ ನನಗೆ ಮೊದಲ ಸಲ ಅನ್ನಿಸಿದ್ದು ಆ ಅಂಗಡಿಯಲ್ಲಿ.

ಹೋಟೆಲ್ ಸೇರುವಾಗ ಕತ್ತಲಾಗಿತ್ತು. ಇಲ್ಲಿಗೆ ಮಕ್ಕಳ ಜತೆ ಹೊರಟವರು ಒಂದು ವಿಷಯ ಮೊದಲೇ ತಿಳಿದುಕೊಂಡಿರಬೇಕು. ಸ್ಟ್ರಿಪ್ ಅಂತ ಕರೆಯುವ ಮುಖ್ಯ ರಸ್ತೆಯ ಹೆಚ್ಚಿನ ದೊಡ್ಡ ಹೋಟೆಲ್‌ಗಳಲ್ಲಿ ಕ್ಯಾಸಿನೊ ದಾಟದೆ ಎಲ್ಲಿಗೂ ಹೋಗೋಕಾಗಲ್ಲ. ರೂಮಿನ ಲಿಫ್ಟಿಗೆ ಅದರ ಮಧ್ಯದಲ್ಲೇ ದಾರಿ. ತಿಂಡಿಗೆ ಅದೇ ದಾರಿ, ಈಜುಕೊಳಕ್ಕೂ ಅದೇ. ಹಾಗಂತಲೇ ಕಟ್ಟಿರೋದು. ಸಿಗರೇಟ್ ಹೊಗೆ ಬೇರೆ. ಒಳಾಂಗಣದಲ್ಲಿ ಹೊಗೆ ನಿಲ್ಲಿಸಲು ನೆವಾಡದ ಜನ 2006ರಲ್ಲಿ ಮತ ಹಾಕಿ ಕಾನೂನು ತಂದರು. ಕ್ಯಾಸಿನೊಗಳ ಆಟದ ಜಾಗವನ್ನು ಮಾತ್ರ ಅದರಿಂದ ಬಿಟ್ಟರು. ಮಗನಿಗೆ ಸ್ವಲ್ಪ ಉಬ್ಬಸ ಇದೆ. ಪ್ರತಿ ಸಲ ಅವನ ಮುಖವನ್ನು ನನ್ನ ಭುಜಕ್ಕೆ ಒತ್ತಿಕೊಂಡು ಬೇಗ ಬೇಗ ದಾಟುತ್ತಿದ್ದೆ. ಇನ್ನೊಮ್ಮೆ ಹೋದರೆ ವಿಡಾರಾ ಥರದ, ಕ್ಯಾಸಿನೊನೂ ಹೊಗೆಯೂ ಇಲ್ಲದ ಹೋಟೆಲ್ ಹುಡುಕುತ್ತೇನೆ. ಅಂಥವು ಸ್ಟ್ರಿಪ್‌ನ ಅಕ್ಕಪಕ್ಕದಲ್ಲೇ ಇವೆ. ಹೋಗುವವರು ದಯವಿಟ್ಟು ಇದೊಂದನ್ನು ನೋಡಿಕೊಂಡು ಬುಕ್ ಮಾಡಿ.

ಮೊದಲ ದಿನ ಬಾಗಿಲು ದಾಟಿದ ಕೂಡಲೇ ಮಗಳು ನಿಂತಳು. ಆ ಸದ್ದು, ಆ ಬೆಳಕು. ನಿಂತು ನೋಡಿದಳು, ಅಷ್ಟೇ. ಸೂಟು ಹಾಕಿದ ಕಾವಲುಗಾರರೊಬ್ಬರು ಬಂದರು. ಒರಟಾಗಿ ಮಾತಾಡಲಿಲ್ಲ. ಕಲ್ಲು ಹಾಸಿದ ದಾರಿಯಲ್ಲಿ ನಡೆಯಬಹುದು, ನಿಲ್ಲುವ ಹಾಗಿಲ್ಲ, ಕಾರ್ಪೆಟ್ ಮೇಲೆ ಕಾಲಿಡುವ ಹಾಗಿಲ್ಲ ಅಂದರು. ನೆವಾಡದಲ್ಲಿ ಜೂಜಾಡೋಕೆ 21 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರು ಆಟ ನಡೆಯುವ ಕಡೆ ಸುಳಿದಾಡುವಂತಿಲ್ಲ. ದೊಡ್ಡವರ ಜತೆ ದಾಟಿಕೊಂಡು ಹೋಗಬಹುದು.

ಮಗಳು ನೆಲ ನೋಡಿದಳು. ಅಲ್ಲಿಯವರೆಗೆ ನಾನು ಗಮನಿಸಿರಲಿಲ್ಲ. ಒಂದು ಕಡೆ ಬೂದು ಬಣ್ಣದ ನುಣುಪು ಕಲ್ಲು, ಹಳ್ಳದ ಹಾಗೆ ಬಳಸಿಕೊಂಡು ಹೋಗುತ್ತದೆ. ಅದರ ಎರಡೂ ಕಡೆ ಕೆಂಪು, ಕಿತ್ತಳೆ, ನೇರಳೆ ಹೂಬಳ್ಳಿಯ ಕಾರ್ಪೆಟ್. ಕಲ್ಲೂ ಕಾರ್ಪೆಟ್ಟೂ ಸೇರುವ ಕಡೆ ಒಂದು ತೆಳುವಾದ ಹಿತ್ತಾಳೆ ಪಟ್ಟಿ.

"ಅಮ್ಮ, ಕಲ್ಲು ನಮ್ಮದು. ಕಾರ್ಪೆಟ್ ದೊಡ್ಡೋರದು," ಅಂದಳು.

ಆಮೇಲೆ ಮೂರು ದಿನವೂ ಅದೇ ಆಟ. ತಮ್ಮನ ಕೈ ಹಿಡಿದುಕೊಂಡು ಹಿತ್ತಾಳೆ ಪಟ್ಟಿಯ ಅಂಚಿನಲ್ಲೇ ನಡೆಯೋದು. ಅವನ ಶೂ ಆಚೆ ಬಿದ್ದರೆ ಎಳೆದುಕೊಳ್ಳೋದು. ಅವಳಿಗೆ ಪರದೆಗಳು ಬೇಕಾಗಲಿಲ್ಲ, ಪಟ್ಟಿ ಸಾಕಾಯಿತು.

ಅವ್ವ ಮಾತ್ರ ನೆಲ ನೋಡಲಿಲ್ಲ. ಜನರನ್ನು ನೋಡಿದಳು. ಎರಡನೆಯ ದಿನ ಬೆಳಿಗ್ಗೆ ಏಳಕ್ಕೆ ಕಾಫಿಗೆ ಅಂತ ಇಳಿದಾಗ ದಾರಿಯ ಪಕ್ಕದ ಮಷಿನ್ ಮುಂದೆ ಒಬ್ಬ ಹೆಂಗಸು ಕೂತಿದ್ದರು. ಅವ್ವನಷ್ಟೇ ವಯಸ್ಸು, ಎಪ್ಪತ್ತರ ಹತ್ತಿರ. ಕೈಯಲ್ಲಿ ಹೆಣೆದ ಹಸಿರು ಸ್ವೆಟರ್, ಮಡಿಲಲ್ಲಿ ಪರ್ಸು. ಸ್ವೆಟರಿನ ಗುಂಡಿಗೆ ಸಿಕ್ಕಿಸಿದ ಒಂದು ಸುರುಳಿ ದಾರ ಮಷಿನ್ ತನಕ ಹೋಗಿತ್ತು. ಹಳೆಯ ಫೋನ್ ರಿಸೀವರಿಗೆ ಇರುತ್ತಿತ್ತಲ್ಲ, ಅಂಥದ್ದು.

"ಅದ್ಯಾಕೆ ಆಯಮ್ಮನ್ನ ಮಿಷನ್‌ಗೆ ಕಟ್ಟಾಕವ್ರೆ?" ಅಂದಳು ಅವ್ವ.

ನನಗೂ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಮನೆಯವರು ವಿವರಿಸಿದರು. ಕ್ಯಾಸಿನೊಗಳು ಆಡುವವರಿಗೆ ಒಂದು ಕಾರ್ಡ್ ಕೊಡುತ್ತವೆ. ಅದನ್ನು ಮಷಿನ್‌ಗೆ ಹಾಕಿ ಆಡಿದರೆ ಎಷ್ಟು ಆಡಿದರು, ಎಷ್ಟು ಹೊತ್ತು ಆಡಿದರು ಅನ್ನೋ ಲೆಕ್ಕ ಸೇರುತ್ತಾ ಹೋಗುತ್ತದೆ. ಅದಕ್ಕೆ ತಕ್ಕ ಹಾಗೆ ಊಟ, ರೂಮು ಬಿಟ್ಟಿ ಕೊಡುತ್ತಾರೆ. ಕಾರ್ಡ್ ಮರೆತು ಹೋಗಬಾರದು ಅಂತ ದಾರ. ಅವ್ವ ಎಲ್ಲಾ ಕೇಳಿಸಿಕೊಂಡಳು. ಆದರೂ ಕಣ್ಣು ದಾರದ ಮೇಲೇ ಇತ್ತು. ಆಯಮ್ಮ ಒಂದು ಸಲವೂ ನಮ್ಮ ಕಡೆ ತಿರುಗಲಿಲ್ಲ. ಬಲಗೈ ಮಾತ್ರ ಗುಂಡಿ ಒತ್ತುತ್ತಿತ್ತು. ಮುಖದಲ್ಲಿ ಗೆದ್ದ ಖುಷಿಯೂ ಇಲ್ಲ, ಸೋತ ಬೇಜಾರೂ ಇಲ್ಲ.

ಅವ್ವ ಯಾಕೆ ಅಷ್ಟು ನೋಡಿದಳು ಅಂತ ನನಗೆ ಗೊತ್ತು. ನಮ್ಮ ಮಂಡ್ಯ ಕಡೆ ಯುಗಾದಿ ಅಂದರೆ ಬೇವು-ಬೆಲ್ಲ, ಹೋಳಿಗೆ. ಮಾರನೇ ದಿನ ಹೊಸತೊಡಕು, ಬಾಡೂಟ. ಅದರ ಜತೆಗೆ ಇಸ್ಪೀಟು. ಊರ ಅರಳಿಕಟ್ಟೆ, ತೋಟದ ಮನೆ, ಎಲ್ಲಿ ನೋಡಿದರೂ ಚಾಪೆ ಹಾಸಿ ಅಂದರ್ ಬಾಹರ್. ಹಬ್ಬದ ದಿನ ಆಡಿದರೆ ತಪ್ಪಿಲ್ಲ ಅನ್ನೋ ಮಾತು. ನಾವು ಮಕ್ಕಳು ದೊಡ್ಡವರ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆವು. ಗೆದ್ದವರು ಕೈಗೆ ಐದು ರೂಪಾಯಿ ಇಟ್ಟು ಬೊಂಬಾಯಿ ಮಿಠಾಯಿ ತಿನ್ನಿ ಅನ್ನುತ್ತಿದ್ದರು. ನಮಗೆ ಕಲ್ಲಿನ ದಾರಿಯೂ ಇರಲಿಲ್ಲ, ಹಿತ್ತಾಳೆ ಪಟ್ಟಿಯೂ ಇರಲಿಲ್ಲ. ಚಾಪೆಯ ಅಂಚಿನಲ್ಲೇ ಕೂತಿರುತ್ತಿದ್ದೆವು.

ಅವ್ವನ ತಮ್ಮ, ನನ್ನ ಸೋದರಮಾವ, ಯುಗಾದಿ ಮುಗಿದ ಮೇಲೂ ಚಾಪೆಯಿಂದ ಏಳಲಿಲ್ಲ. ಇಸ್ಪೀಟಿನಿಂದ ಲಾಟರಿಗೆ ಹೋದರು. ಬಸ್ ಸ್ಟ್ಯಾಂಡಿನ ಪಕ್ಕ ಸಾಲು ಸಾಲು ಲಾಟರಿ ಅಂಗಡಿಗಳಿದ್ದ ಕಾಲ. ಕರ್ನಾಟಕದಲ್ಲಿ ಲಾಟರಿ ನಿಂತಿದ್ದು 2007ರಲ್ಲಿ. ಅಷ್ಟು ಹೊತ್ತಿಗೆ ನಾಲೆಯ ನೀರು ಹಾಯುತ್ತಿದ್ದ ಒಂದೂವರೆ ಎಕರೆ ಗದ್ದೆ ಕೈಬಿಟ್ಟಿತ್ತು. ಮಾವ ಕೆಟ್ಟವರಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದವರು. ಅವರ ಮುಖದಲ್ಲೂ ಕೊನೆಕೊನೆಗೆ ಆ ಹಸಿರು ಸ್ವೆಟರಿನ ಹೆಂಗಸಿನ ಮುಖದಂಥದ್ದೇ ಒಂದು ಸುಮ್ಮನಿರುವಿಕೆ ಬಂದಿತ್ತು.

ಅದೇ ಸಂಜೆ ಇನ್ನೊಂದು ನಡೆಯಿತು. ನಾವಿದ್ದ ಹೋಟೆಲಿನಲ್ಲಿ ಮಕ್ಕಳಿಗೆ ಅಂತಲೇ ಒಂದು ಆಟದ ಹಾಲ್ ಇತ್ತು. ಕ್ಯಾಸಿನೊ ಅಲ್ಲ, ಯಾರು ಬೇಕಾದರೂ ಹೋಗಬಹುದು. ನನಗೆ ಖುಷಿಯಾಯಿತು, ಅಂತೂ ಮಕ್ಕಳದ್ದೇ ಜಾಗ ಸಿಕ್ಕಿತು ಅಂತ. ಇಪ್ಪತ್ತು ಡಾಲರ್ ಕಾರ್ಡ್ ಮಾಡಿಸಿಕೊಟ್ಟೆ. ಒಂದು ಗಾಜಿನ ಪೆಟ್ಟಿಗೆಯಲ್ಲಿ ಕಬ್ಬಿಣದ ಉಗುರು ಬೊಂಬೆ ಎತ್ತುವ ಆಟ. ಮಗಳು ಒಂದು ನೀಲಿ ಆಮೆಯನ್ನು ಎತ್ತಿದಳು. ಬಾಯಿಯ ಹತ್ತಿರ ಬಂದು ಬಿತ್ತು. ಇನ್ನೊಂದು ಸಲ. ಬಿತ್ತು. ಇನ್ನೊಂದು. ಕಾರ್ಡ್ ಖಾಲಿಯಾದಾಗ ಅವಳು ನನ್ನ ತೋಳು ಹಿಡಿದು, "ಅಮ್ಮ, ಇನ್ನೊಂದೇ ಒಂದು ಸಲ, ಈ ಸಲ ಬಂದೇ ಬರುತ್ತೆ," ಅಂದಳು. ಕೆನ್ನೆ ಕೆಂಪಾಗಿತ್ತು. ನನ್ನ ಮುಖ ನೋಡದೆ ಆಮೆಯನ್ನೇ ನೋಡುತ್ತಾ ಹೇಳಿದಳು.

ಆ ಮಾತು ನಾನು ಕೇಳಿದ್ದೆ. ನಮ್ಮ ಹಟ್ಟಿಯಲ್ಲಿ ನಿಂತು, ಅವ್ವನ ಕಿವಿಯ ಓಲೆ ಕೇಳಲು ಬಂದಾಗ, ಮಾವ ಹೇಳಿದ ಮಾತು ಅದು. ಈ ಸಲ ಬಂದೇ ಬತ್ತದೆ ಕಣಕ್ಕ.

ಇದು ಹೇಗೆ ಕೆಲಸ ಮಾಡುತ್ತೆ ಅನ್ನೋದು ಗುಟ್ಟೇನಲ್ಲ. ಬಿ.ಎಫ್. ಸ್ಕಿನ್ನರ್ ಅನ್ನೋ ಮನಃಶಾಸ್ತ್ರಜ್ಞರು ಕಳೆದ ಶತಮಾನದಲ್ಲೇ ಪಾರಿವಾಳಗಳನ್ನಿಟ್ಟು ತೋರಿಸಿದ್ದರು. ಕೊಕ್ಕಿನಿಂದ ಗುಂಡಿ ಒತ್ತಿದಾಗಲೆಲ್ಲಾ ಕಾಳು ಬಂದರೆ, ಅದು ನಿಂತ ಮೇಲೆ ಪಾರಿವಾಳ ಬೇಗ ಬಿಟ್ಟುಬಿಡುತ್ತದೆ. ಯಾವಾಗ ಬರುತ್ತೋ ಗೊತ್ತಿಲ್ಲದೆ ಬಂದರೆ ಒತ್ತುತ್ತಲೇ ಇರುತ್ತದೆ. ಸ್ಲಾಟ್ ಮಷಿನ್ ಮುಂದೆ ಕೂತವರೂ ಹೀಗೆಯೇ ಅಂತ ಅವರೇ ಹೋಲಿಸಿದ್ದರು. ಇನ್ನೇನು ಬಂತು ಅನ್ನುವಾಗ ತಪ್ಪಿದರೆ ಆಸೆ ಇನ್ನೂ ಜಾಸ್ತಿ. ನೀಲಿ ಆಮೆ ಅಂಚಿನಲ್ಲಿ ಬಿದ್ದಿದ್ದು ಅದಕ್ಕೇ ಅಷ್ಟು ಎಳೆಯಿತು. ಕ್ಯಾಸಿನೊದಲ್ಲಿ ಹಿತ್ತಾಳೆ ಪಟ್ಟಿ ಇದೆ, ಕಾವಲುಗಾರರಿದ್ದಾರೆ, 21 ಅನ್ನೋ ಲೆಕ್ಕ ಇದೆ. ಮಕ್ಕಳ ಹಾಲ್‌ನಲ್ಲಿ ಅದು ಯಾವುದೂ ಇಲ್ಲ. ನಮ್ಮ ಮನೆಯ ಟ್ಯಾಬ್ಲೆಟ್‌ನಲ್ಲಿ ದಿನಾ ಒಂದು ಚಕ್ರ ತಿರುಗಿಸಿ ಬಹುಮಾನ ತಗೋ ಅನ್ನುವ ಆಟದಲ್ಲೂ ಇಲ್ಲ.

ಈ ಊರು ಮಕ್ಕಳನ್ನು ಏನು ಮಾಡಬೇಕು ಅಂತ ಹಲವು ಸಲ ಮನಸ್ಸು ಬದಲಾಯಿಸಿದೆ. ಸರ್ಕಸ್ ಸರ್ಕಸ್ ಅನ್ನೋ ಕ್ಯಾಸಿನೊ ತೆರೆದಿದ್ದು 1968ರಲ್ಲಿ. ಕೆಳಗೆ ಜೂಜು, ತಲೆಯ ಮೇಲೆ ಟ್ರಪೀಜ್ ಕಲಾವಿದರು. 1990ರಲ್ಲಿ ಕೋಟೆಯ ಆಕಾರದ ಎಕ್ಸ್‌ಕ್ಯಾಲಿಬರ್ ಬಂತು. 1993 ಒಂದೇ ವರ್ಷದಲ್ಲಿ ಪಿರಮಿಡ್ಡಿನ ಲಕ್ಸರ್, ಆಗ ಕಡಲ್ಗಳ್ಳರ ಹಡಗು ಕಾದಾಡುತ್ತಿದ್ದ ಟ್ರೆಷರ್ ಐಲ್ಯಾಂಡ್, ಹಿಂದೆ ದೊಡ್ಡ ಮನರಂಜನಾ ಪಾರ್ಕ್ ಇದ್ದ ಎಂಜಿಎಂ ಗ್ರ್ಯಾಂಡ್ ತೆರೆದವು. ಸರ್ಕಸ್ ಸರ್ಕಸ್ ಗುಲಾಬಿ ಗಾಜಿನ ಗುಮ್ಮಟದ ಒಳಗೆ ರೋಲರ್ ಕೋಸ್ಟರ್ ಇಟ್ಟಿದ್ದೂ ಅದೇ ವರ್ಷ. ಮನೆಮಂದಿಯೆಲ್ಲಾ ಬನ್ನಿ ಅಂತ ಕರೆದರು. ಬಂದವರು ಮಕ್ಕಳ ಹಿಂದೆ ಓಡಾಡಿದರೇ ಹೊರತು ಅಂದುಕೊಂಡಷ್ಟು ಹೊತ್ತು ಟೇಬಲ್ ಮುಂದೆ ಕೂರಲಿಲ್ಲ. 1998ರಲ್ಲಿ ಬೆಲಾಜಿಯೊ ತೆರೆದಾಗ ಅಲ್ಲಿ ತಂಗದ 18ರ ಒಳಗಿನವರಿಗೆ ಪ್ರವೇಶವೇ ಇರಲಿಲ್ಲ. ಎಂಜಿಎಂನ ಪಾರ್ಕ್ ಹತ್ತು ವರ್ಷ ತುಂಬುವ ಮೊದಲೇ ಮುಚ್ಚಿತು. 2003ರಲ್ಲಿ ಊರಿನ ಹೊಸ ಜಾಹೀರಾತು ಬಂತು. ಇಲ್ಲಿ ನಡೆದದ್ದು ಇಲ್ಲೇ ಉಳಿಯುತ್ತದೆ ಅನ್ನೋ ಅರ್ಥದ ಆ ಮಾತು ಈಗ ಜಗತ್ತಿಗೆಲ್ಲಾ ಗೊತ್ತು.

ಆ ಕರೆಯುತ್ತಿದ್ದ ವರ್ಷಗಳ ನಡುವೆ, 1997ರ ಮೇ ತಿಂಗಳಲ್ಲಿ, ನಾವು ದಾಟಿಬಂದ ಗಡಿಯಲ್ಲಿರುವ ಪ್ರಿಮ್ ಅನ್ನೋ ಊರಿನ ಕ್ಯಾಸಿನೊದಲ್ಲಿ ಒಂದು ಮಗು ಸತ್ತಿತು. ಬೆಳಗಿನ ಜಾವ, ಅಪ್ಪ ಜೂಜಾಡುತ್ತಿದ್ದ. ಏಳು ವರ್ಷದ ಹುಡುಗಿ ಮಕ್ಕಳ ಆಟದ ಹಾಲ್‌ನಲ್ಲಿ ಓಡಾಡಿಕೊಂಡಿದ್ದಳು. ಅಲ್ಲಿದ್ದ ಯುವಕನೊಬ್ಬ ಅವಳನ್ನು ಕೊಂದ. ಇದನ್ನು ನಾನು ಹೋಗುವ ಮೊದಲು ಓದಿರಲಿಲ್ಲ. ವಾಪಸ್ ಬಂದ ಮೇಲೆ ಓದಿದೆ. ಅವತ್ತು ರಾತ್ರಿ ಎದ್ದು ಹೋಗಿ ಮಗಳ ಪಕ್ಕ ಮಲಗಿದೆ.

ಹಾಗಾದರೆ ಆ ಊರಿನಲ್ಲಿ ಚೆನ್ನಾಗಿರೋದು ಏನೂ ಇಲ್ಲವಾ? ಇದೆ, ಬೇಕಾದಷ್ಟಿದೆ. ಅದನ್ನು ಹೇಳದೇ ಇದ್ದರೆ ತಪ್ಪಾಗುತ್ತದೆ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಸ್ಟ್ರಿಪ್ ಮಕ್ಕಳದ್ದೇ. ರಾತ್ರಿಯವರು ಮಲಗಿರುತ್ತಾರೆ, ರಸ್ತೆ ತೊಳೆದಿರುತ್ತಾರೆ. ಫ್ಲೆಮಿಂಗೊ ಹೋಟೆಲಿನ ಹಿಂದಿನ ತೋಟದಲ್ಲಿ ನಿಜವಾದ ಗುಲಾಬಿ ಫ್ಲೆಮಿಂಗೊಗಳು, ಆಮೆಗಳು, ಬಣ್ಣದ ಮೀನುಗಳು. ಬಿಟ್ಟಿ. ಮಗ ಒಂದು ಗಂಟೆ ಅಲ್ಲಿಂದ ಕದಲಲಿಲ್ಲ. ಸ್ಫಿಯರ್ ಅಂತ 2023ರಲ್ಲಿ ತೆರೆದ 366 ಅಡಿ ಎತ್ತರದ ದೊಡ್ಡ ಗುಂಡು ಕಟ್ಟಡ ಇದೆ. ಅದರ ಮೈಯೆಲ್ಲಾ ದೀಪ. ಒಮ್ಮೆ ಚಂದ್ರ, ಒಮ್ಮೆ ಕಣ್ಣು, ಒಮ್ಮೆ ಹಳದಿ ನಗುಮುಖ. ಆ ಮುಖ ಕಣ್ಣು ಮಿಟುಕಿಸಿದಾಗ ಮಗನೂ ಎರಡೂ ಕಣ್ಣು ಮುಚ್ಚಿ ತೆರೆಯುತ್ತಿದ್ದ. ಒಳಗೆ ಹೋಗಬೇಕಿಲ್ಲ, ಟಿಕೆಟ್ ಬೇಕಿಲ್ಲ. ದೂರ ಮಾತ್ರ ಮೋಸ. ಪಕ್ಕದಲ್ಲೇ ಕಾಣುವ ಹೋಟೆಲ್ ಅರ್ಧ ಗಂಟೆ ನಡಿಗೆ. ಸ್ಟ್ರಿಪ್ ಸುಮಾರು 7 ಕಿಲೋಮೀಟರ್ ಉದ್ದ, ರಸ್ತೆ ದಾಟೋಕೆ ಮೇಲ್ಸೇತುವೆ ಹತ್ತಿ ಇಳಿಯಬೇಕು. ಮಗುವಿನ ಗಾಡಿ ಇಲ್ಲದೆ ಹೋಗಬೇಡಿ.

ಬೆಲಾಜಿಯೊ ಮುಂದಿನ ಕಾರಂಜಿಯನ್ನು ಎರಡು ಸಂಜೆ ನೋಡಿದೆವು. ಎಂಟೂವರೆ ಎಕರೆ ಕೊಳದಲ್ಲಿ ಹಾಡಿಗೆ ತಕ್ಕ ಹಾಗೆ ನೀರು ಕುಣಿಯುತ್ತದೆ. ಅತಿ ಎತ್ತರಕ್ಕೆ ಚಿಮ್ಮುವುದು 460 ಅಡಿ. ಅವ್ವ ಕಂಬಿ ಹಿಡಿದುಕೊಂಡು ನಿಂತಿದ್ದಳು. ಬೃಂದಾವನದ ಕಾರಂಜಿ ನೋಡುತ್ತಾ ಬೆಳೆದವಳು. "ನಮ್ ಕನ್ನಂಬಾಡೀದೇ ಚೆಂದ, ಇದು ಎತ್ತರ," ಅಂದಳು. ಆಮೇಲೆ ಮಂಡ್ಯದವರು ಮಾತ್ರ ಕೇಳುವ ಪ್ರಶ್ನೆ ಕೇಳಿದಳು. "ಈ ಮರಳುಗಾಡ್ನಲ್ಲಿ ಇಷ್ಟು ನೀರು ಎಲ್ಲಿಂದ ತಂದ್ರು?"

ಆ ಕೊಳದ ನೀರು ಬಾವಿಯದು. ಮುಂಚೆ ಅಲ್ಲಿದ್ದ ಗಾಲ್ಫ್ ಮೈದಾನಕ್ಕೆ ಹಾಯಿಸುತ್ತಿದ್ದ ಬಾವಿ. ಊರಿನ ಉಳಿದ ನೀರು, ಹತ್ತರಲ್ಲಿ ಒಂಬತ್ತು ಪಾಲು, ಕೊಲರಾಡೊ ನದಿಗೆ ಕಟ್ಟಿದ ಅಣೆಕಟ್ಟಿನ ಹಿಂದಿನ ಕೆರೆಯಿಂದ ಬರುತ್ತದೆ. ನಾಳೆ ಅದನ್ನೂ ನೋಡೋಣ ಅಂದೆ.

ವಾಪಸ್ ನಡೆಯುವಾಗ ನಾನು ಹೆದರಿದ್ದ ದೃಶ್ಯ ಬಂತು. ಸೇತುವೆ ಮೆಟ್ಟಿಲ ಬುಡದಲ್ಲಿ ಇಬ್ಬರು ಹುಡುಗಿಯರು. ಮೈಮೇಲೆ ಹೊಳೆಯುವ ಚೂರು ಬಟ್ಟೆ, ಬೆನ್ನಿಗೆ ದೊಡ್ಡ ಕೆಂಪು ಗರಿಗಳು. ಜತೆಗೆ ಫೋಟೊ ತೆಗೆಸಿಕೊಂಡವರು ದುಡ್ಡು ಕೊಡುತ್ತಾರೆ. ನಾನು ಮಗಳ ಹೆಗಲು ಹಿಡಿದು ತಿರುಗಿಸೋಕೆ ಹೋದೆ. ಅವಳು ಆಗಲೇ ನೋಡಿಬಿಟ್ಟಿದ್ದಳು. ಒಬ್ಬಳು ಕೆಲಸ ಮುಗಿಸಿರಬೇಕು. ಕಟ್ಟೆಯ ಮೇಲೆ ಕೂತು ಎತ್ತರದ ಹಿಮ್ಮಡಿಯ ಚಪ್ಪಲಿ ಬಿಚ್ಚಿದಳು. ಹಿಮ್ಮಡಿಗೆ ಎರಡೆರಡು ಪ್ಲಾಸ್ಟರ್ ಅಂಟಿಸಿಕೊಂಡಿದ್ದಳು. ಬ್ಯಾಗಿನಿಂದ ದಪ್ಪ ಉಣ್ಣೆಯ ಕಾಲುಚೀಲ ತೆಗೆದು ಒಂದೊಂದಾಗಿ ಎಳೆದುಕೊಂಡಳು. ಕಾಲ್ಬೆರಳು ಉಜ್ಜಿಕೊಂಡಳು.

"ಅಮ್ಮ, ಅವರಿಗೆ ಚಳಿ," ಅಂದಳು ಮಗಳು.

ನಾನು ವಾರದಿಂದ ಸಿದ್ಧ ಮಾಡಿಕೊಂಡಿದ್ದ ಯಾವ ಉತ್ತರವೂ ಆ ಮಾತಿಗೆ ಬೇಕಿರಲಿಲ್ಲ. ಹೌದು ಪುಟ್ಟಿ, ಚಳಿ, ಅಂದೆ. ಆ ಊರಿನಲ್ಲಿ ಕೆಲಸ ಮಾಡುವವರನ್ನು ನಾನು ನಿಜವಾಗಿ ನೋಡತೊಡಗಿದ್ದು ಆಮೇಲೆ. ರೂಮು ಗುಡಿಸುವವರು, ತಟ್ಟೆ ತೊಳೆಯುವವರು, ರಾತ್ರಿ ಮೂರಕ್ಕೆ ಕಾರ್ಪೆಟ್ ಮೇಲೆ ಬಿದ್ದ ಗ್ಲಾಸು ಆಯುವವರು. ಹೋಟೆಲ್ ನೌಕರರ ಕಲಿನರಿ ಯೂನಿಯನ್‌ನಲ್ಲೇ ಸುಮಾರು 60,000 ಜನ ಇದ್ದಾರೆ. ಅವರ ಮಕ್ಕಳು ಇದೇ ಊರಿನಲ್ಲಿ ಸ್ಕೂಲಿಗೆ ಹೋಗುತ್ತಾರೆ, ಪಾರ್ಕಿನಲ್ಲಿ ಆಡುತ್ತಾರೆ. ಮಕ್ಕಳಿಗೆ ಅಲ್ಲಿ ಏನಿದೆ ಅಂತ ಗೆಳತಿ ಕೇಳಿದಾಗ ನಮ್ಮಿಬ್ಬರಿಗೂ ಆ ಮಕ್ಕಳು ನೆನಪಾಗಿರಲಿಲ್ಲ.

ಆಮೆ ಸಿಗದ ಬೇಜಾರು ಮಗಳಿಗೆ ಮಲಗುವಾಗಲೂ ಇತ್ತು. ಜೂಜಿನ ವಿಷಯ ಅವಳೇ ತೆಗೆದಳು. ಅಲ್ಲಿ ಕೂತಿರೋರು ಯಾಕೆ ಕೂತಿರ್ತಾರೆ, ದುಡ್ಡು ಬರುತ್ತಾ, ಅಂತ. ಕೆಟ್ಟದ್ದು ಅಂದುಬಿಟ್ಟರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಅವ್ವ ದಾರಿಗೆ ಅಂತ ಹುರಿದು ತಂದಿದ್ದ ಕಡಲೆಕಾಯಿ ಡಬ್ಬಿ ಮೇಜಿನ ಮೇಲಿತ್ತು. ಅದನ್ನು ಹಾಸಿಗೆ ಮೇಲೆ ಸುರಿದೆ.

ರೂಲೆಟ್ ಅಂದರೆ ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಗೆ ಬೀಳುತ್ತೆ ಅಂತ ದುಡ್ಡು ಕಟ್ಟುವ ಜೂಜು. ಅಮೆರಿಕದ ಮಾಮೂಲಿ ರೂಲೆಟ್ ಚಕ್ರದಲ್ಲಿ 38 ಮನೆಗಳಿರುತ್ತವೆ. 1ರಿಂದ 36, ಜತೆಗೆ ಒಂದು ಸೊನ್ನೆ, ಇನ್ನೊಂದು ಜೋಡಿ ಸೊನ್ನೆ. ನಾವು ಇಟ್ಟ ಮನೆ ಬಂದರೆ ಇಟ್ಟ ಒಂದು ವಾಪಸ್, ಮೇಲೆ 35. ಒಟ್ಟು 36. "ನೀನು ಬಲು ಜಾಣೆ, ಎಲ್ಲಾ ಮನೆಗೂ ಒಂದೊಂದು ಕಡಲೆಕಾಯಿ ಇಡ್ತೀಯ ಅಂತಿಟ್ಕೋ. ಆಗ ಸೋಲೋ ಹಾಗೇ ಇಲ್ಲ. ಇಡು," ಅಂದೆ. ಅವಳು ಎಣಿಸಿ ಹೊದಿಕೆಯ ಮೇಲೆ 38 ಸಾಲಾಗಿ ಇಟ್ಟಳು. ನಾನು ಎಲ್ಲವನ್ನೂ ಬಾಚಿಕೊಂಡು 36 ಎಣಿಸಿ ವಾಪಸ್ ಕೊಟ್ಟೆ.

ಅವಳು ಮತ್ತೆ ಎಣಿಸಿದಳು. "ಎರಡು ಎಲ್ಲಿ?"

"ನೀನು ಗೆದ್ದೆಯಲ್ಲ?"

"ಗೆದ್ದೆ. ಆದರೆ ಎರಡು ಎಲ್ಲಿ ಹೋಯ್ತು?"

ಎರಡನ್ನೂ ನನ್ನ ಅಂಗೈಯಿಂದ ತೆಗೆದುಕೊಂಡು ಅವಳ ತಮ್ಮ ಸುಲಿದು ತಿನ್ನುತ್ತಿದ್ದ. ಇನ್ನೊಂದು ಸಲ ಇಡು ಅಂದೆ. ಇಡೋಕೆ 38 ಇರಲಿಲ್ಲ. ಅವಳು ಸಾಲಿನ ಕೊನೆಯ ಎರಡು ಖಾಲಿ ಜಾಗವನ್ನು ನೋಡುತ್ತಾ ಕೂತಳು. ಕಿಟಕಿಯ ಆಚೆ ಊರೆಲ್ಲಾ ದೀಪ. "ಆ ದೀಪಕ್ಕೆಲ್ಲಾ ಈ ಎರಡೆರಡೇ ದುಡ್ಡು," ಅಂದೆ.

ಪಕ್ಕದ ಮಂಚದಲ್ಲಿ ಅವ್ವ ನಿದ್ದೆ ಮಾಡಿರಲಿಲ್ಲ. ಗೋಡೆ ಕಡೆ ತಿರುಗಿಕೊಂಡೇ ಹೇಳಿದಳು. "ನಿಮ್ಮಾವನ್ನ ಎಲ್ರೂ ಬೈದ್ರು ಕಣ್ಮಗ. ನಾನೂ ಬೈದೆ. ಹಿಂಗೆ ಕೂರಿಸ್ಕಂಡು ಕಾಯಿ ಎಣಿಸಿ ತೋರಿಸ್ದೋರು ಯಾರೂ ಇರ್ನಿಲ್ಲ." ಎಣಿಸಿ ತೋರಿಸಿದ್ದರೆ ಮಾವ ಬಿಡುತ್ತಿದ್ದರೋ ಇಲ್ಲವೋ. ನಾನು ಏನೂ ಹೇಳಲಿಲ್ಲ. ಅವ್ವನ ಕಾಲಿನ ಹತ್ತಿರ ಹೋಗಿ ಕೂತೆ.

ಮಾರನೇ ದಿನ ರೂಮು ಖಾಲಿ ಮಾಡಿ ಹೂವರ್ ಅಣೆಕಟ್ಟಿಗೆ ಹೋದೆವು. ವೇಗಾಸ್‌ನಿಂದ ಮುಕ್ಕಾಲು ಗಂಟೆ ದಾರಿ. 726 ಅಡಿ ಎತ್ತರದ ಕಾಂಕ್ರೀಟ್ ಗೋಡೆ. ಅವ್ವ ಕೆಳಗೆ ಬಗ್ಗಿ ನೋಡಲಿಲ್ಲ, ತಲೆ ಸುತ್ತುತ್ತೆ ಅಂದಳು. ಹಿಂದಕ್ಕೆ ತಿರುಗಿ ಕೆರೆ ನೋಡಿದಳು. ಲೇಕ್ ಮೀಡ್ ಸುತ್ತಲಿನ ಕೆಂಪು ಬಂಡೆಗಳಿಗೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆ ಇದೆ. ನೀರು ಮೊದಲು ಎಲ್ಲಿಯವರೆಗೆ ಇತ್ತು ಅನ್ನೋ ಗುರುತು. "ಎಷ್ಟು ಅಡಿ ಇದ್ದದು ಈಗ?" ಅಂದಳು. ಕನ್ನಂಬಾಡಿಯ 124.80 ಅಡಿ ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಇಲ್ಲಿಯವರು ಸಮುದ್ರಮಟ್ಟದಿಂದ ಎಣಿಸುತ್ತಾರೆ. ತುಂಬಿದರೆ 1,229 ಅಡಿ, 2022ರ ಜುಲೈನಲ್ಲಿ 1,040ರ ಹತ್ತಿರಕ್ಕೆ ಇಳಿದಿತ್ತು. ಅವ್ವ ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಪಾಪ," ಅಂದಳು. ಬೇರೆಯವರ ಊರಿನ ಕೆರೆಯನ್ನು ನೋಡಿ ಅವ್ವ ಹಾಗೆ ಅಂದಿದ್ದು ನನಗೆ ಮನಸ್ಸಿನಲ್ಲೇ ಉಳಿದಿದೆ.

ಈ ಅಣೆಕಟ್ಟಿನ ಕೆಲಸ ಶುರುವಾಗಿದ್ದು 1931ರಲ್ಲಿ. ನೆವಾಡ ಜೂಜಿಗೆ ಒಪ್ಪಿಗೆ ಕೊಟ್ಟಿದ್ದೂ ಅದೇ ವರ್ಷ. ಸಾವಿರಾರು ಕೂಲಿಯವರು, ಮೂವತ್ತು ಮೈಲಿ ಆಚೆ ಜೂಜಿನ ಊರು. ಅವರಿಗಾಗಿ ಸರ್ಕಾರ ಬೌಲ್ಡರ್ ಸಿಟಿ ಅಂತ ಹೊಸ ಊರು ಕಟ್ಟಿತು. ಅಲ್ಲಿ ಹೆಂಡ ಇಲ್ಲ, ಜೂಜು ಇಲ್ಲ. ಹೆಂಡದ ನಿಷೇಧ ಆಮೇಲೆ ಹೋಯಿತು. ಜೂಜಿನ ನಿಷೇಧ ಇವತ್ತಿಗೂ ಇದೆ. ನೆವಾಡದಲ್ಲಿ ಹೀಗಿರುವ ಊರುಗಳು ಎರಡೇ. ವಾಪಸ್ ಬರುವಾಗ ಅಲ್ಲಿಯೇ ಊಟಕ್ಕೆ ನಿಲ್ಲಿಸಿದೆವು. ಅಂಗಡಿಯೊಳಗೆ ಹೋದ ಕೂಡಲೇ ಮಗ ಸುತ್ತ ನೋಡಿದ. ಮಿನುಗುವ ಗುಂಡಿ ಎಲ್ಲೂ ಇರಲಿಲ್ಲ. ಬಾಳೆಹಣ್ಣು ಕೇಳಿದ.

ಊರಿನ ಅಂಚಿನಲ್ಲಿ ಹೆಮೆನ್‌ವೇ ಅನ್ನೋ ಪಾರ್ಕ್ ಇದೆ. ಇಳಿಜಾರಿನಲ್ಲಿ ಹುಲ್ಲುಹಾಸು, ಕೆಳಗೆ ದೂರದಲ್ಲಿ ನೀಲಿ ಕೆರೆ. ಬೋಳು ಬೆಟ್ಟದಿಂದ ಕಾಡುಕುರಿಗಳು ಇಲ್ಲಿಗೆ ಹುಲ್ಲು ಮೇಯಲು ಇಳಿದು ಬರುತ್ತವೆ. ನಾವು ಹೋದಾಗ ಹದಿಮೂರು ಇದ್ದವು. ಟಗರುಗಳ ಕೊಂಬು ಕಿವಿಯನ್ನು ಸುತ್ತಿಕೊಂಡು ಕೆನ್ನೆಯವರೆಗೆ ಬಂದಿತ್ತು. ಹುಲ್ಲು ಕಿತ್ತುಕೊಳ್ಳುವ ಸದ್ದು ಕೇಳುವಷ್ಟು ನಿಶ್ಶಬ್ದ. ಊರಲ್ಲಿ ಕುರಿ ಸಾಕಿದ್ದ ಅವ್ವ ಬೆಂಚಿನ ಮೇಲೆ ಕೂತು, ಯಾವುದು ಗಬ್ಬ ಆಗಿದೆ ಅಂತ ಕೈ ತೋರಿಸಿ ಹೇಳುತ್ತಿದ್ದಳು.

ಮಗ ಅವುಗಳ ಕಡೆ ಓಡೋಕೆ ಹೊರಟ. ಅವನ ಅಕ್ಕ ಜಾಕೆಟಿನ ಟೋಪಿ ಹಿಡಿದು ನಿಲ್ಲಿಸಿದಳು. ಇಬ್ಬರೂ ಕಾಂಕ್ರೀಟ್ ದಾರಿಯ ಅಂಚಿನಲ್ಲಿ, ಶೂ ತುದಿ ಹುಲ್ಲಿಗೆ ತಾಗದ ಹಾಗೆ, ಪಕ್ಕಪಕ್ಕ ನಿಂತುಕೊಂಡರು.

"ಹುಲ್ಲು ಅವರದು ಕಣೋ," ಅಂತ ಅವಳು ತಮ್ಮನಿಗೆ ಹೇಳುತ್ತಿದ್ದಳು. "ನಾವು ಇಲ್ಲಿಂದಲೇ ನೋಡೋಣ."